ದುರ್ಗಕ್ಕೆ ಬಂದವರು ಒಂದು ರಾತ್ರಿ ಹಳ್ಳಿಯಲ್ಲಿ ಉಳಿಯಲಿ

ಮಾನ್ಯರೇ,

ದಸರಾ ರಜೆ ಹತ್ತಿರ ಬಂದರೆ ಸಾಕು, ಚಿತ್ರದುರ್ಗಕ್ಕೆ ದೊಡ್ಡ ಹೋಟೆಲ್ ಬೇಕು, ರೆಸಾರ್ಟ್ ಬೇಕು ಅನ್ನೋ ಮಾತು ಶುರುವಾಗುತ್ತದೆ. ಬರಲಿ, ಬೇಡ ಅನ್ನಲ್ಲ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಬೀಗ ಬಿದ್ದಿರುವ ಕೋಣೆಗಳ ಸುದ್ದಿಯನ್ನು ಯಾರೂ ಎತ್ತಲ್ಲ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಉಳಿದಿರೋದು ಗಂಡ ಹೆಂಡತಿ ಇಬ್ಬರೇ, ಅಲ್ವಾ?

ಈಗ ಬರುವ ಪ್ರವಾಸಿಗರು ಬೆಳಿಗ್ಗೆ ಕೋಟೆ ಹತ್ತುತ್ತಾರೆ. ಒನಕೆ ಓಬವ್ವನ ಕಿಂಡಿ ಹತ್ತಿರ ಫೋಟೊ ತೆಗೆಸಿಕೊಳ್ಳುತ್ತಾರೆ. ಟೈಮ್ ಇದ್ದರೆ ಚಂದ್ರವಳ್ಳಿ. ಊಟ ಮುಗಿಸಿ ಹೊಸಪೇಟೆ ರಸ್ತೆ ಹಿಡಿದು ಹಂಪಿಗೆ ಹೊರಟರು. ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿ ಹಾಗೇ ಉಳಿಯಿತು. ಅಲ್ಲಿಯ ಅಶೋಕನ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲೇ ಪತ್ತೆ ಮಾಡಿದ್ದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿಸಿದರು. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅಶೋಕನ ಶಾಸನಗಳಿವೆ. ಇದನ್ನೆಲ್ಲ ಸಮಾಧಾನವಾಗಿ ನೋಡಬೇಕಾದರೆ ಒಂದು ರಾತ್ರಿ ಆ ಕಡೆ ಉಳಿಯಬೇಕು. ಉಳಿಯೋದೆಲ್ಲಿ?

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಫ್ರಾನ್ಸಿನಲ್ಲಿ. ಮಗಳು ಅಳಿಯ ಬೋರ್ಡೊದಲ್ಲಿದ್ದಾರೆ. ಹೋದ ವರ್ಷ ಅಕ್ಟೋಬರಿನಲ್ಲಿ ನಾವಿಬ್ಬರೂ ಅಲ್ಲಿದ್ದಾಗ ಮಗಳ ಗೆಳತಿ ಶನಿವಾರ, ಭಾನುವಾರ ಇದ್ದು ಹೋಗಿ ಅಂತ ತನ್ನ ಹಳ್ಳಿ ಮನೆಗೆ ಕರೆದಳು. ದೋರ್ದೋನ್ ಎಂಬ ಸೀಮೆ. ಹಳೇ ಕಲ್ಲಿನ ಮನೆ, ಸುತ್ತ ಅಕ್ರೋಟ್ ಮರ. ಪ್ಯಾರಿಸ್‌ನಿಂದಲೂ ಸ್ನೇಹಿತರು ಬಂದಿದ್ದರು. ಕಾಫಿ ಕುಡಿದ ಮೇಲೆ ಆಕೆ ಎಲ್ಲರ ಕೈಗೂ ಒಂದೊಂದು ಬುಟ್ಟಿ ಕೊಟ್ಟು ಮರದ ಕೆಳಗೆ ಕಳಿಸಿದಳು. "ನೆಂಟರ ಕೈಲಿ ಕೆಲಸ ಮಾಡಿಸ್ತಾರಲ್ರೀ!" ಅಂತ ನಮ್ಮನೆಯವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಎಲ್ಲರಿಗಿಂತ ಜಾಸ್ತಿ ಆರಿಸಿದ್ದವರು ಅವರೇ. ಆ ಕಾಯಿಯ ಹಸಿರು ಸಿಪ್ಪೆ ಕೈಯನ್ನು ಕಪ್ಪು ಮಾಡಿಬಿಡುತ್ತದೆ, ಸೋಪಿಗೆ ಜಗ್ಗಲ್ಲ. ನಮ್ಮ ಅಂಗಡಿಯಲ್ಲಿ ಸಿಗುವ ಒಣಗಿದ್ದಲ್ಲ ಇದು, ಹಸಿಯದು. ತಿರುಳಿನ ಮೇಲೆ ತೆಳ್ಳನೆ ಪೊರೆ ಇರುತ್ತದೆ, ಕಹಿ. ಉಗುರಿನಲ್ಲಿ ಅದನ್ನು ಬಿಡಿಸಿದರೆ ಒಳಗೆ ಬೆಳ್ಳಗೆ, ತಿಂದರೆ ಎಳೆ ಕೊಬ್ಬರಿ ಥರ. ಸಂಜೆ ಚಳಿಗೆ ಒಲೆ ಮುಂದೆ ಕೂತು ಒಡೆಯುತ್ತಾ, ತಿನ್ನುತ್ತಾ, ಮಾತಾಡುತ್ತಾ ಹತ್ತು ಗಂಟೆ ಆಗಿದ್ದೇ ಗೊತ್ತಾಗಲಿಲ್ಲ. ಊಟದ ಕಷ್ಟ ಮಾತ್ರ ಕೇಳಬೇಡಿ. ಆ ಕಡೆ ಆಲೂಗಡ್ಡೆಯನ್ನೂ ಬಾತುಕೋಳಿ ಕೊಬ್ಬಿನಲ್ಲೇ ಹುರಿಯುತ್ತಾರೆ! ನಾವು ಬ್ರೆಡ್ಡು, ಚೀಸು, ಕುಂಬಳಕಾಯಿ ಸೂಪಿನಲ್ಲಿ ಕಾಲ ಹಾಕಿದೆವು.

ಆಕೆಯ ಮನೆಯಲ್ಲಿ ಮಂಚ ಸಾಲದೆ ನಮ್ಮಿಬ್ಬರನ್ನು ಪಕ್ಕದ ಮನೆಯಲ್ಲಿ ಮಲಗಿಸಿದರು. ಅದು ದುಡ್ಡು ಕೊಟ್ಟು ಉಳಿಯುವ ಮನೆ. ಶಾಂಬ್ರ್ ದೋತ್ ಅನ್ನುತ್ತಾರೆ. ವಯಸ್ಸಾದ ರೈತ ದಂಪತಿ, ಎರಡು ಕೋಣೆ. ಮಗಳ ಮೂಲಕ ನಿಯಮ ಏನೆಂದು ಕೇಳಿದೆ. ಐದು ಕೋಣೆ, ಹದಿನೈದು ಜನ ಮೀರುವಂತಿಲ್ಲ. ಮನೆಯವರೇ ಮುಂದೆ ನಿಂತು ಬರಮಾಡಿಕೊಳ್ಳಬೇಕು. ಬೆಳಗಿನ ತಿಂಡಿ ಕೊಡಲೇಬೇಕು. ಶುರು ಮಾಡುವ ಮುಂಚೆ ಊರಿನ ಮೇಯರ್ ಕಚೇರಿಗೆ ತಿಳಿಸಬೇಕು. ಅಲ್ಲಿ ಸಣ್ಣ ಹಳ್ಳಿಗೂ ಮೇಯರ್ ಇರುತ್ತಾರೆ, ನಮ್ಮ ಪಂಚಾಯ್ತಿ ಅಧ್ಯಕ್ಷರು ಇದ್ದ ಹಾಗೆ. ರಾತ್ರಿ ಊಟ ಬೇಕೆಂದರೆ ಮನೆಯವರ ಜೊತೆ ಅದೇ ಮೇಜಿನಲ್ಲಿ, ಅವರು ಮಾಡಿದ್ದೇ. ಮೆನು ಕಾರ್ಡು ಗೀರ್ಡು ಏನಿಲ್ಲ.

ಅದೇ ಸೀಮೆಯಲ್ಲಿ ಲಾಸ್ಕೋ ಗುಹೆ ಇದೆ. 1940ರಲ್ಲಿ ಸಿಕ್ಕಿತು. ಒಳಗೆ ಸಾವಿರಾರು ವರ್ಷದ ಹಿಂದಿನ ಎತ್ತು, ಕುದುರೆ ಚಿತ್ರಗಳು. ಜನರ ಉಸಿರಿಗೇ ಹಾಳಾಗುತ್ತವೆ ಎಂದು 1963ರಲ್ಲಿ ಬಾಗಿಲು ಹಾಕಿದರು. ಈಗ ತೋರಿಸೋದು ನಕಲು ಗುಹೆ. ಆ ನಕಲು ನೋಡಲು ಜನ ದೇಶ ದೇಶದಿಂದ ಬಂದು ಹಳ್ಳಿಗಳಲ್ಲಿ ಉಳಿಯುತ್ತಾರೆ. ನಮ್ಮ ಬ್ರಹ್ಮಗಿರಿಯಲ್ಲಿ ಇರೋದು ಅಸಲಿ ಶಾಸನ.

ಊರಿಗೆ ಬಂದು ಇದನ್ನು ಹೇಳಿದರೆ ಮೊದಲ ಪ್ರಶ್ನೆ: "ಅವರಿಗೆ ಪನೀರ್ ಎಲ್ಲಿಂದ ತರೋದು? ಏಸಿ ಯಾರು ಹಾಕಿಸ್ತಾರೆ?" ನೆಂಟರು ಬಂದರೆ ಮನೆಯ ಹೆಂಗಸರು ಒಲೆ ಬಿಟ್ಟು ಏಳಬಾರದು ಅನ್ನೋದು ನಮ್ಮ ಲೆಕ್ಕ. ದುಡ್ಡು ಕೊಟ್ಟು ಬರುವವರೆಂದರೆ ಇನ್ನೂ ಹೆದರಿಕೆ. ಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿ, ಮೊಸರು ಹಾಕಿ ಸಾಕು. ಶೇಂಗಾ ಕೀಳುವ ಕಾಲದಲ್ಲಿ ಹೊಲಕ್ಕೆ ಕರೆದುಕೊಂಡು ಹೋಗಿ. ಗಿಡ ಕಿತ್ತು, ಮಣ್ಣು ಒದರಿ, ಅಲ್ಲೇ ಒಣ ಕಡ್ಡಿ ಹಚ್ಚಿ ಸುಟ್ಟುಕೊಡಿ. ಬೆರಳು ಕಪ್ಪು ಮಾಡಿಕೊಂಡು ಬಿಸಿ ಬಿಸಿ ಬಿಡಿಸಿ ತಿನ್ನಲಿ. ಬೆಂಗಳೂರಿನ ಮಕ್ಕಳಿಗೂ ಇದು ಗೊತ್ತಿಲ್ಲ, ಇನ್ನು ಫ್ರಾನ್ಸಿನವರ ಮಾತೇನು! ಸೀಗೆ ಹುಣ್ಣಿಮೆ ದಿನ ಬಂದರಂತೂ ಹೊಲದಲ್ಲೇ ಊಟ. ಆದರೆ ಚೊಕ್ಕ ಶೌಚಾಲಯ, ಬಿಸಿನೀರು, ಒಗೆದ ಹಾಸಿಗೆ ಬೇಕೇ ಬೇಕು. ಅದರಲ್ಲಿ ಸುಮ್ನೆ "ಹಳ್ಳಿ ಅಲ್ವಾ" ಅಂದುಬಿಟ್ಟರೆ ನಡೆಯಲ್ಲ.

ಹೋಂಸ್ಟೇ ನೋಂದಣಿ ನಮ್ಮ ರಾಜ್ಯದಲ್ಲೂ ಇದೆ. ಕೊಡಗು, ಚಿಕ್ಕಮಗಳೂರಿನವರು ಅದರಲ್ಲಿ ಪಳಗಿದ್ದಾರೆ. ನಮ್ಮ ಕಡೆ ಒಂದೆರಡು ಕೋಣೆ ಇರುವ ರೈತರಿಗೆ ಅರ್ಜಿ ಎಲ್ಲಿ ಕೊಡಬೇಕು ಅನ್ನೋದೇ ಗೊತ್ತಿಲ್ಲ. ಪ್ರವಾಸೋದ್ಯಮ ಇಲಾಖೆಯವರು ದಸರಾಕ್ಕೆ ಮುಂಚೆ ಪಂಚಾಯ್ತಿಗಳಿಗೇ ಬಂದು, ಅರ್ಜಿ ಬರೆಸಿಕೊಂಡು, ಮನೆ ನೋಡಿ ಹೋಗಲಿ. ಕೋಟೆಯ ಟಿಕೆಟ್ ಕೌಂಟರ್ ಪಕ್ಕ ಆ ಮನೆಗಳ ಊರು, ಫೋನ್ ನಂಬರ್ ಬರೆದ ಬೋರ್ಡು ಹಾಕಲಿ. ಮೊದಲ ಅರ್ಜಿ ನಮ್ಮದೇ ತೆಗೆದುಕೊಳ್ಳಲಿ. ಎರಡು ಕೋಣೆ ಇವೆ. ಏಸಿ ಇಲ್ಲ, ಫ್ಯಾನ್ ಇದೆ.

– ಒಬ್ಬ ಶೇಂಗಾ ಬೆಳೆಗಾರ, ಚಳ್ಳಕೆರೆ ತಾಲ್ಲೂಕು