ಸನ್ಮಾನದ ಮಾತಿಗೊಂದು ತಿದ್ದುಪಡಿ

ಕಳೆದ ತಿಂಗಳು ನಮ್ಮೂರಿನ ಹನುಮಪ್ಪನ ಗುಡಿಯ ಮುಂದೆ ನನಗೆ ಸನ್ಮಾನವಾಯಿತು. ಶಾಲು, ಹಾವೇರಿಯ ಏಲಕ್ಕಿ ಹಾರ, ಒಂದು ಬುಟ್ಟಿ ಹಣ್ಣು. ಮೈಕು ಹಿಡಿದಿದ್ದ ಮಾಸ್ತರರು, "ಯಾರ ಆಸರೆಯೂ ಇಲ್ಲದೆ ಕೇವಲ ಸ್ವಂತ ಬಲದಿಂದ ಪಿಎಚ್‌.ಡಿ. ಪಡೆದ ನಮ್ಮೂರಿನ ಮೊದಲ ಹೆಣ್ಣುಮಗಳು" ಎಂದರು. ಚಪ್ಪಾಳೆ ಬಿತ್ತು.

ಮೊದಲ ಹೆಣ್ಣುಮಗಳು ಎಂಬುದು ನಿಜ. ಉಳಿದದ್ದು ಸುಳ್ಳು. ಮಾಸ್ತರರ ತಪ್ಪೇನೂ ಇಲ್ಲ, ಸನ್ಮಾನದ ಭಾಷೆಯೇ ಹಾಗೆ. ಕೊರಳಲ್ಲಿ ಹಾರವಿದ್ದಾಗ ಎದ್ದು ನಿಂತು ತಿದ್ದುವುದು ಕಷ್ಟ. ನಾನೂ ಕೈಮುಗಿದು ಸುಮ್ಮನೆ ಕುಳಿತೆ. ಮಹಾಪ್ರಬಂಧದ ಆರಂಭದಲ್ಲಿ ಕೃತಜ್ಞತೆಯ ಪುಟವೊಂದಿದೆ, ಇಲ್ಲವೆಂದಲ್ಲ. ಅದರಲ್ಲಿ ಕುಲಪತಿಗಳಿಂದ ಶುರುವಾಗಿ ಎಲ್ಲರೂ ಹುದ್ದೆಯ ಕ್ರಮದಲ್ಲಿ ಸಾಲಾಗಿ ನಿಂತಿದ್ದಾರೆ. ಹಿಂದಿನವರ ಪ್ರಬಂಧಗಳನ್ನು ನೋಡಿ ನಾನೂ ಹಾಗೆಯೇ ಬರೆದೆ. ಅಲ್ಲಿ ಬಿಟ್ಟುಹೋದ ಲೆಕ್ಕ ಇಲ್ಲಿದೆ. ಹೆಸರು ಹಾಕಬೇಡ ಎಂದು ಇವರಲ್ಲಿ ಅರ್ಧ ಜನ ಹೇಳಿದ್ದಾರೆ, ಇನ್ನರ್ಧ ಜನರನ್ನು ನಾನು ಕೇಳಿಲ್ಲ. ಹಾಗಾಗಿ ಯಾರ ಹೆಸರೂ ಇಲ್ಲ.

ಮೊದಲು ಆ ಬಸ್ಸಿನ ಕಂಡಕ್ಟರ್ ಅಣ್ಣ. ನಾನು ಎಂ.ಎ.ಗೆಂದು ಧಾರವಾಡಕ್ಕೆ ಬಂದದ್ದು 2018ರಲ್ಲಿ. ಅಪ್ಪ ವಾರಕ್ಕೊಮ್ಮೆ ಹಾವೇರಿ ಬಸ್ ನಿಲ್ದಾಣಕ್ಕೆ ಬಂದು ಧಾರವಾಡದ ಬಸ್ಸಿಗೆ ಬುತ್ತಿ ಗಂಟು ಹಾಕುತ್ತಿದ್ದರು. ಖಡಕ್ ರೊಟ್ಟಿ, ಗುರೆಳ್ಳಿನ ಪುಡಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಗಂಟಿನ ತುದಿಯಲ್ಲಿ ಮಡಚಿದ ನೂರರ ನೋಟು. ನಾನು ಧಾರವಾಡದಲ್ಲಿ ಇಳಿಸಿಕೊಳ್ಳಬೇಕು. ನಮ್ಮ ಕಡೆಯ ಮಕ್ಕಳು ಧಾರವಾಡದಲ್ಲಿ ಓದಿದ್ದೇ ಹೀಗೆ, ತಲೆಮಾರುಗಳಿಂದ. ಬಸ್ಸಿನ ಬುತ್ತಿಗೆ ಚೀಟಿಯೂ ಇಲ್ಲ, ರಸೀದಿಯೂ ಇಲ್ಲ. ಆದರೂ ಒಂದು ಗಂಟೂ ಕಳೆಯಲಿಲ್ಲ.

2019ರ ಆಗಸ್ಟ್ ನೆನಪಿರುವವರಿಗೆ ನಮ್ಮ ಹೊಳೆ ವರದೆ ಆ ವರ್ಷ ಉಕ್ಕಿ ಏನು ಮಾಡಿದಳೆಂದು ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಮಳೆ ಹಗಲು ರಾತ್ರಿ ಎನ್ನದೆ ಹೊಯ್ಯುತ್ತಿತ್ತು. ಮನೆಗೆ ಫೋನು ಹತ್ತುತ್ತಿರಲಿಲ್ಲ. ಎರಡು ದಿನ, ಮೂರು ದಿನ. ಬುತ್ತಿಯ ದಿನ ಬಂದಾಗ, ಗಂಟು ಬರುವುದಿಲ್ಲವೆಂದು ಗೊತ್ತಿದ್ದೂ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಬಸ್ಸು ಎರಡು ತಾಸು ತಡವಾಗಿ ಬಂತು. ಕಂಡಕ್ಟರ್ ಅಣ್ಣ ಇಳಿದವರೇ ನನ್ನನ್ನು ಹುಡುಕಿಕೊಂಡು ಬಂದರು. ಅಪ್ಪ ಯಾರದೋ ಟ್ರ್ಯಾಕ್ಟರ್ ಹತ್ತಿ ಹಾವೇರಿಗೆ ಬಂದಿದ್ದರಂತೆ. ಮೊಬೈಲ್ ನೀರಿನಲ್ಲಿ ಹೋಗಿತ್ತು, ನನ್ನ ನಂಬರು ಅದರೊಳಗೇ ಇತ್ತು, ಬಾಯಿಪಾಠ ಇರಲಿಲ್ಲ. ಹಾಗಾಗಿ ಮಾತನ್ನೇ ಬಸ್ಸಿಗೆ ಹಾಕಿ ಕಳಿಸಿದ್ದರು. "ಮನೆಯ ಹಿಂದಿನ ಗೋಡೆ ಬಿದ್ದಿದೆ. ಜನ ಉಳಿದಿದ್ದಾರೆ. ಎಮ್ಮೆ ಉಳಿದಿದೆ. ಶಾಲೆಯಲ್ಲಿ ಇದ್ದಾರೆ. ನೀನು ಪಾಠ ಬಿಟ್ಟು ಬರಬೇಡ." ಇಷ್ಟನ್ನು ಅವರು ಒಪ್ಪಿಸಿದರು, ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಇನ್ನೊಮ್ಮೆ ಮೊದಲಿನಿಂದ ಹೇಳಿದರು, ಆಮೇಲೆ ಕಂಟ್ರೋಲರ್ ಹತ್ತಿರ ಸಹಿ ಹಾಕಿಸಲು ಓಡಿದರು. ಎಮ್ಮೆಯ ಮಾತನ್ನು ಬಿಡದೆ ಹೇಳಿದರಲ್ಲ, ಅದಕ್ಕೇ ನನಗೆ ನಂಬಿಕೆ ಬಂತು. ಅದು ಅಪ್ಪನದೇ ಮಾತು.

ನಾನು ಬಿಟ್ಟು ಹೋಗಲಿಲ್ಲ. ಆದರೆ ಬುತ್ತಿ ನಿಂತಿತು, ಒಣಗಿಸಲು ಮನೆಯಲ್ಲಿ ಜೋಳವೇ ಇರಲಿಲ್ಲ. ಆಗ ಶುರುವಾದದ್ದು ಸಪ್ತಾಪುರದ ಖಾನಾವಳಿಯ ಮಾವಶಿಯ ಉದ್ರಿ ಖಾತೆ.

ಸಪ್ತಾಪುರ ಗೊತ್ತಿಲ್ಲದವರಿಗೆ ಒಂದು ಮಾತು. ಉತ್ತರ ಕರ್ನಾಟಕದಲ್ಲಿ ಸರ್ಕಾರಿ ನೌಕರಿಯ ಕನಸು ಕಾಣುವವರೆಲ್ಲ ಒಮ್ಮೆಯಾದರೂ ಬಂದು ಉಳಿಯುವ ಓಣಿಗಳು ಅವು. ತರಬೇತಿ ಕೇಂದ್ರ, ವಾಚನಾಲಯ, ಝೆರಾಕ್ಸ್ ಅಂಗಡಿ, ಖಾನಾವಳಿ, ಮತ್ತೆ ತರಬೇತಿ ಕೇಂದ್ರ. ಮಾವಶಿಯ ಖಾನಾವಳಿ ಅಂಥ ಒಂದು ಓಣಿಯ ತುದಿಯಲ್ಲಿ, ಎರಡು ಕೋಣೆಯದು. ಉದ್ದನೆಯ ಉದ್ರಿ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಪುಟ. ಹೆಸರಿನ ಬದಲು ಗುರುತು ಇರುತ್ತಿತ್ತು: 'ಕನ್ನಡಕದ ಹುಡುಗ', 'ರೋಣದ ಪಿಎಸ್‌ಐ', 'ಕಲ್ಲಿನ ಹುಡುಗಿ'. ಕೊನೆಯವಳು ನಾನು.

ಮಾವಶಿ ಕರುಣೆಯ ಮೂರ್ತಿಯೇನಲ್ಲ, ಮೊದಲೇ ಹೇಳಿಬಿಡುತ್ತೇನೆ. ಝುಣಕ ಎರಡನೆಯ ಸಲ ಕೇಳಿದರೆ ಮುಖ ನೋಡುತ್ತಿದ್ದರು. ಬಾಕಿ ಎರಡು ಸಾವಿರ ದಾಟಿದ ದಿನ ಎಲ್ಲರ ಎದುರೇ ಕೇಳಿದರು. ನನಗೆ ಅಳು ಬಂತು. "ಅಳುವುದು ಆಮೇಲೆ. ರೊಟ್ಟಿ ಬಡಿಯಲು ಬರುತ್ತದೆಯೋ?" ಎಂದರು. ಬರುತ್ತದೆ ಎಂದೆ. ಭಾನುವಾರಕ್ಕೆ ಅರವತ್ತು ರೊಟ್ಟಿ ಎಂದು ಠರಾವಾಯಿತು. ಮಾವಶಿ ಹಿಟ್ಟಿಗೆ ಎಸರು ಹೊಯ್ದು ನಾದಿ ಕೊಡುತ್ತಿದ್ದರು, ನಾನು ಹಲಗೆಯ ಮೇಲೆ ಬಡಿದು ಹಂಚಿಗೆ ಹಾಕುತ್ತಿದ್ದೆ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದು, ತಿರುವಿ ಹಾಕುವುದು ಅವರದೇ. ಮೊದಲ ಭಾನುವಾರದ ರಾತ್ರಿ ಪೆನ್ನು ಹಿಡಿಯಲು ಅಂಗೈ ಬಗ್ಗಲಿಲ್ಲ. ಪುಟದಲ್ಲಿ ನನ್ನ ಊಟದ ಎದುರು ರೊಟ್ಟಿಯ ಲೆಕ್ಕ ಬೀಳತೊಡಗಿತು. ಅವರು ಧರ್ಮಕ್ಕೆ ಊಟ ಹಾಕಿದ್ದರೆ ನಾನು ಬಹುಶಃ ಒಂದು ತಿಂಗಳಲ್ಲಿ ಆ ಓಣಿಗೆ ಹೋಗುವುದನ್ನೇ ಬಿಡುತ್ತಿದ್ದೆ.

2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿತು. ಊರಿಗೆ ಹೋದೆ, ತಗಡಿನ ಮನೆಯಲ್ಲಿ ಕುಳಿತು ಓದಿದೆ, ಮಳೆಗಾಲ ಕಳೆದ ಮೇಲೆ ಕೊನೆಯ ಪರೀಕ್ಷೆ ಬರೆದೆ. ಆ ಕಾಲದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನನ್ನದೇನೂ ಬೇರೆಯಲ್ಲ.

'ಕಲ್ಲಿನ ಹುಡುಗಿ' ಎಂಬ ಹೆಸರು ಬಂದದ್ದು ನನ್ನ ವಿಷಯದಿಂದ. ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ಎಂದರೆ ಊರಿನಲ್ಲಿ ಯಾರಿಗೂ ತಲೆಬುಡ ತಿಳಿಯುತ್ತಿರಲಿಲ್ಲ. ವರದಾ ದಂಡೆಯ ಊರುಗಳ ವೀರಗಲ್ಲುಗಳು ನನ್ನ ಸಂಶೋಧನೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆ 1939ರದು, ವಿಶ್ವವಿದ್ಯಾಲಯಕ್ಕಿಂತ ಹತ್ತು ವರ್ಷ ಹಿರಿಯದು. ಅದರ ವಸ್ತುಸಂಗ್ರಹಾಲಯದಲ್ಲಿ ನಿಂತ ವೀರಗಲ್ಲುಗಳ ಮುಂದೆ ಮಾರ್ಗದರ್ಶಕ ಸರ್ ನನ್ನನ್ನು ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಓದು ಎಂದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು, ನೆತ್ತಿಯಲ್ಲಿ ಸೂರ್ಯ ಚಂದ್ರ. "ನಮ್ಮೂರಿನಲ್ಲೂ ಇಂಥ ಒಂದು ಕಲ್ಲು ಇದೆ ಸರ್, ಹಳ್ಳದ ದಂಡೆಯಲ್ಲಿ ಬೋರಲು ಬಿದ್ದಿದೆ, ಅವ್ವ ಅದರ ಬೆನ್ನ ಮೇಲೆ ಬಟ್ಟೆ ಒಗೆಯುತ್ತಾಳೆ" ಎಂದೆ. ಸರ್ ನಗಲಿಲ್ಲ. "ಹೋಗೋಣ" ಎಂದರು.

ಶಾಸನದ ಅಚ್ಚು ತೆಗೆಯುವುದು ಓದಿ ಬರುವ ವಿದ್ಯೆಯಲ್ಲ. ಕಲ್ಲನ್ನು ಕುಂಚದಿಂದ ಉಜ್ಜಿ ತೊಳೆಯಬೇಕು. ಒದ್ದೆ ಕಾಗದ ಹಾಸಬೇಕು. ಆಮೇಲೆ ಬಿರುಸು ಕೂದಲಿನ ಬ್ರಷ್ಷಿನಿಂದ ಅದನ್ನು ಬಡಿಯಬೇಕು, ಕಾಗದ ಅಕ್ಷರದ ಗೆರೆಯೊಳಗೆ ಇಳಿಯುವವರೆಗೆ. ಜೋರಾದರೆ ಹರಿಯುತ್ತದೆ, ಮೆತ್ತಗಾದರೆ ಅಕ್ಷರ ಏಳುವುದಿಲ್ಲ. ಮೇಲೆ ಬಟ್ಟೆಯ ಉಂಡೆಯಿಂದ ಮಸಿಯನ್ನು ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ಜೊತೆಗೆ ಬಂದಿದ್ದ ಇಬ್ಬರ ಕಾಗದ ಹರಿಯಿತು. ನನ್ನದು ಹರಿಯಲಿಲ್ಲ. ಸರ್ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, "ರೊಟ್ಟಿ ಬಡಿಯುವ ಕೈ" ಎಂದರು. ಖಾನಾವಳಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಅವರ ತಾಯಿಯೂ ರೊಟ್ಟಿ ಬಡಿದು ಓದಿಸಿದವರೆಂದು ನನಗೂ ಗೊತ್ತಿರಲಿಲ್ಲ. ಅದನ್ನು ಅವರು ಹೇಳಿದ್ದು ಮೌಖಿಕ ಪರೀಕ್ಷೆ ಮುಗಿದ ಸಂಜೆ.

ಅವ್ವನ ಕಲ್ಲಿನಲ್ಲಿ ಸಿಕ್ಕದ್ದು ಮೂರು ಸಾಲು. 'ತುರುವಂ ಮಗುಳ್ಚಿ' ಎಂಬುದು ಸ್ಪಷ್ಟವಾಗಿ ಬಂತು. ಕದ್ದೊಯ್ದ ದನಗಳನ್ನು ಮರಳಿಸಿ ಎಂದರ್ಥ. ದನ ಉಳಿಸಲು ಹೋಗಿ ಸತ್ತವನ ಹೆಸರು ಇರಬೇಕಾದ ಕಡೆ ಕಲ್ಲು ಚಕ್ಕೆ ಎದ್ದಿದೆ. ಅವ್ವ ಕಲ್ಲನ್ನು ಬಹಳ ಹೊತ್ತು ನೋಡಿ, "ಇಷ್ಟು ವರ್ಷ ಇವನ ಬೆನ್ನ ಮೇಲೆ ಬಟ್ಟೆ ಕುಕ್ಕಿದೆನಲ್ಲ" ಎಂದು ಸೆರಗಿನಿಂದ ಒರೆಸಿದಳು. ಪ್ರಬಂಧದಲ್ಲಿ ಅದು 14ನೆಯ ಚಿತ್ರ. ಕಲ್ಲಿನ ದಾರಿ ತೋರಿಸಿದ್ದಕ್ಕೆ ಅವ್ವನಿಗೆ ಅಡಿಟಿಪ್ಪಣಿಯಲ್ಲಿ ಜಾಗ ಕೊಡಲು ಸರ್ ಒಪ್ಪಿದರು.

ಗ್ರಂಥಾಲಯದ ಕಾಕಾ ಒಬ್ಬರಿದ್ದರು, ಈಗ ನಿವೃತ್ತರು. ಹಳೆಯ ವರದಿಗಳಲ್ಲಿ ನಾನು 'ಹಾವೇರಿ ಜಿಲ್ಲೆ' ಎಂದು ಒಂದು ವಾರ ಹುಡುಕಿದೆ, ಏನೂ ಇಲ್ಲ. "ತಂಗಿ, ಹಾವೇರಿ, ಗದಗ ಜಿಲ್ಲೆಗಳಾದದ್ದು 1997ರಲ್ಲಿ. ಅದರ ಹಿಂದಿನದು ಬೇಕಿದ್ದರೆ ಧಾರವಾಡದಲ್ಲಿ ನೋಡು, ಇನ್ನೂ ಹಿಂದಿನದು ಮುಂಬಯಿ ಪ್ರಾಂತದಲ್ಲಿ" ಎಂದು ಏಣಿ ಹತ್ತಿ ಧೂಳು ಕೊಡವಿ ಸಂಪುಟ ಇಳಿಸಿಕೊಟ್ಟರು. ಮುಂಬಯಿ ಎಂದದ್ದು ಸರಿಯೇ. ಈ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದದ್ದು. ಅದೂ ನನ್ನ ಹಾಗೆ ಗಂಟು ಮೂಟೆ ಕಟ್ಟಿಕೊಂಡು ಬಂದದ್ದೇ ಎಂದು ವಿಶ್ವವಿದ್ಯಾಲಯವಿರುವ ಪಾವಟೆ ನಗರದ ಏರು ಹತ್ತುವಾಗ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನಡುವೆ ಒಂದು ಶಿಷ್ಯವೇತನ ಹನ್ನೊಂದು ತಿಂಗಳು ಬರಲಿಲ್ಲ. ಯಾವ ಕಚೇರಿ ಎಂದು ಹೇಳುವುದಿಲ್ಲ. ಕಡತ 'ಮೇಲೆ ಹೋಗಿದೆ' ಎನ್ನುತ್ತಿದ್ದರು. ಆ ಕಟ್ಟಡಕ್ಕೆ ಇದ್ದದ್ದು ನೆಲ ಅಂತಸ್ತು ಮಾತ್ರ. ಆ ಹನ್ನೊಂದು ತಿಂಗಳಲ್ಲಿ ಮಾವಶಿಯ ಪುಟ ತುಂಬಿ ಪಕ್ಕದ ಪುಟಕ್ಕೆ ಹರಿಯಿತು. ಕ್ಷೇತ್ರಕಾರ್ಯದ ಖರ್ಚಿಗೆ ಕೈಯಲ್ಲಿ ಬಿಡಿಗಾಸಿರಲಿಲ್ಲ. ಹಾನಗಲ್, ಸವಣೂರು, ಗಳಗನಾಥದ ಕಡೆಯ ಹಳ್ಳಿಗಳಿಗೆ ದಿನಕ್ಕೆ ಮೂರು ಬಸ್ ಬದಲಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅದರ ಬಗ್ಗೆ ಯಾರು ಏನೇ ವಾದ ಮಾಡಲಿ, ನನ್ನ ಪ್ರಬಂಧದ ನಾಲ್ಕನೆಯ ಮತ್ತು ಐದನೆಯ ಅಧ್ಯಾಯ ಶೂನ್ಯ ದರದ ಚೀಟಿಯ ಮೇಲೆ ನಿಂತಿವೆ. ಆ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ, ಅಕ್ಷರ ಮಾಸಿ ಈಗ ಬರೀ ಬಿಳಿ ಕಾಗದ.

ಇನ್ನು ಕೋಣೆಯ ಗೆಳತಿ, ಉದ್ರಿ ಪುಸ್ತಕದ 'ರೋಣದ ಪಿಎಸ್‌ಐ'. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಳು, ಮುಂದಿನ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಆ ದಿನ ಅವಳು ಮಾತಾಡಲಿಲ್ಲ, ಕೋಣೆಯನ್ನು ಎರಡು ಸಲ ಒರೆಸಿದಳು. ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿ, ಮುದ್ರಣದ ಅಂಗಡಿಯ ಕಂಪ್ಯೂಟರಿನಲ್ಲಿ ನನ್ನ 'ನುಡಿ' ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು, ಅರ್ಕಾವೊತ್ತುಗಳು ಮಾಯವಾದವು. ಮುನ್ನೂರು ಪುಟ. ಮರುದಿನ ಅವಳಿಗೆ ಬೇರೊಂದು ಪರೀಕ್ಷೆಯಿತ್ತು. ಬೆಳಗಿನ ನಾಲ್ಕರವರೆಗೆ ಅರ್ಧ ಪುಟಗಳನ್ನು ಅವಳೇ ತಿದ್ದಿ, ಮುಖ ತೊಳೆದು ಪರೀಕ್ಷೆಗೆ ಹೋದಳು. ಅದರಲ್ಲಿ ಅವಳು ಪಾಸಾಗಲಿಲ್ಲ. ನನ್ನಿಂದಾಗಿ ಅಲ್ಲ ಎನ್ನುತ್ತಾಳೆ. ಇನ್ನೂ ಸಪ್ತಾಪುರದಲ್ಲೇ ಓದುತ್ತಿದ್ದಾಳೆ. ಸನ್ಮಾನದ ದಿನ ಆ ಹಾರದ ಭಾರ ನನಗೆ ಎಲ್ಲಕ್ಕಿಂತ ಹೆಚ್ಚು ತಾಗಿದ್ದು ಅವಳನ್ನು ನೆನೆದಾಗ.

ಹೋದ ಭಾನುವಾರ ಲೈನ್ ಬಜಾರಿನ ಪೇಢೆ ಕಟ್ಟಿಸಿಕೊಂಡು ಮಾವಶಿಯ ಖಾನಾವಳಿಗೆ ಹೋದೆ. ಮೊದಲ ಸಂಬಳ ಬಂದಿತ್ತು. ಬಾಕಿ 6,840 ರೂಪಾಯಿ. "ಬೇಡ" ಎನ್ನುತ್ತಾರೇನೋ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅವರು ಹಣ ತೆಗೆದುಕೊಂಡು ಎರಡು ಸಲ ಎಣಿಸಿದರು, ಪುಸ್ತಕ ತೆರೆದು ನನ್ನ ಪುಟದ ಮೇಲೆ ಅಡ್ಡಗೆರೆ ಎಳೆದು 'ಚುಕ್ತಾ' ಎಂದು ಬರೆದರು. ಪೇಢೆಯ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಡಾಕ್ಟರ್ ಆದೆಯಂತೆ" ಎಂದರು. ಹೌದೆಂದೆ.

"ರೊಟ್ಟಿಯ ಹುಡುಗಿ ಇವತ್ತು ಬಂದಿಲ್ಲ. ಕೈ ತೊಳೆದುಕೊಂಡು ಬಾ."

ಸೆರಗು ಸಿಕ್ಕಿಸಿ ಹಲಗೆಯ ಮುಂದೆ ಕುಳಿತೆ. ರೂಢಿ ತಪ್ಪಿತ್ತು, ಮೊದಲ ಎರಡು ರೊಟ್ಟಿ ಹರಿದವು. ಮಾವಶಿ ಅವನ್ನು ಮತ್ತೆ ಹಿಟ್ಟಿಗೆ ಕಲಸಿ ನನ್ನ ಮುಂದಿಟ್ಟರು.