ಕ್ರೂಸ್‌ಗೆ ಮೊದಲು ವೀಸಾ ನೋಡಿಕೊಳ್ಳಿ

ಮಾನ್ಯರೇ,

ಅಮೆರಿಕದಲ್ಲಿರುವ ಮಕ್ಕಳ ಜೊತೆ ಜನವರಿಯ ಚಳಿಯಲ್ಲಿ ಮಯಾಮಿಯಿಂದ ಕೆರಿಬಿಯನ್ ಕ್ರೂಸ್‌ಗೆ ಹೊರಡುವ ಅಪ್ಪ ಅಮ್ಮಂದಿರು ಮೊದಲು ವೀಸಾ ನೋಡಿಕೊಳ್ಳಲಿ. ಹಡಗು ಬೇರೆ ದೇಶದ ಬಂದರು ಮುಟ್ಟಿ ಬಂತೆಂದರೆ ಅದು ಅಮೆರಿಕಕ್ಕೆ ಮರುಪ್ರವೇಶ. ವೀಸಾ ಆ ದಿನವೂ ಚಾಲ್ತಿಯಲ್ಲಿರಬೇಕು, ಬಹುಪ್ರವೇಶದ್ದೂ ಆಗಿರಬೇಕು. ಶಿಕಾಗೊ, ನ್ಯೂಯಾರ್ಕ್ ಕಡೆಯವರು ಹಿಂದಿನ ದಿನವೇ ಮಯಾಮಿ ಸೇರುವುದು ಲೇಸು. ಹಿಮ ಬಿದ್ದು ವಿಮಾನ ತಡವಾದರೆ ಹಡಗೇನೂ ಕಾಯುವುದಿಲ್ಲ. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸ್ ಎಷ್ಟೋ ಸಲ ಕೋಣೆಗೆ ಬರುವುದು ಸಂಜೆಗೆ; ಬಿಪಿ, ಶುಗರ್ ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ಬೇಡ, ಬೆಂಕಿಯ ಭಯಕ್ಕೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಓಲಾಟಕ್ಕೆ ಹೊಟ್ಟೆ ತೊಳಸುವವರಿಗೆ ಕೆಳ ಅಂತಸ್ತಿನ ನಡುಭಾಗದ ಕೋಣೆಯೇ ಸರಿ. ಮಾತ್ರೆಯನ್ನು ವಾಕರಿಕೆ ಶುರುವಾಗುವ ಮೊದಲೇ ನುಂಗಬೇಕು, ಆಮೇಲೆ ನುಂಗಿದರೆ ನಿಲ್ಲುವುದು ಕಷ್ಟ.

– ಓದುಗ, ಮೈಸೂರು