ಕೆಲಸಕ್ಕೆ ಸೇರು ಪುಟ್ಟೀ, ಆದ್ರೆ ಮೊದ್ಲು ಒಂದು ಶೆಡ್ ನೋಡು

ಪುಟ್ಟೀ,

ಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಕೆಲಸದ ಆರ್ಡರ್ ಕೈಗೆ ಬಂದ ದಿನ ನೀನು ಅಳ್ತಾ ಕೂತಿದ್ದೆ ಅಂತ ಅಕ್ಕ ಹೇಳಿದ್ಲು. ಕೆಲಸ ಸಿಕ್ತು ಅಂತ ಅತ್ತಿರೋರು ನಮ್ಮ ಮನೇಲಿ ಇಬ್ರೇ, ನೀನೊಬ್ಳು ನಾನೊಬ್ಬ. "ಐದು ವರ್ಷ ಶಿಲ್ಪ ಕಲ್ತಿದ್ದು ಎರಡು ಬೆಟ್ಟದ ಮಧ್ಯೆ ಸೂರ್ಯ ಬರೆಸೋಕಾ ಮಾವ" ಅಂತ ನೀನು ಕಳಿಸಿದ ವಾಯ್ಸ್ ಮೆಸೇಜ್ ಮೂರು ಸಲ ಕೇಳ್ದೆ. ನಗು ಬಂತು, ಬೇಜಾರ್ ಮಾಡ್ಕೋಬೇಡ, 38 ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ, ಸೂರ್ಯನ ಬದಲು ಹೂಕುಂಡ ಅಂದಿದ್ದೆ ಅಷ್ಟೇ.

ಸೇರು. ಇದರಲ್ಲಿ ಯೋಚ್ನೆ ಮಾಡೋದೇನಿಲ್ಲ, ಸಣ್ಣ ಊರಲ್ಲಿ ಬರೀ ಮೂರ್ತಿ ಮಾಡ್ಕೊಂಡು ಬದುಕ್ತೀನಿ ಅಂದ್ರೆ ವರ್ಷಕ್ಕೆ ಒಂದೋ ಎರಡೋ ಬಸ್ಟ್, ಅಂದ್ರೆ ತಲೆಯಿಂದ ಎದೆವರೆಗಿನ ಮೂರ್ತಿ, ಆರ್ಡರ್ ಬಂದ್ರೆ ಹೆಚ್ಚು, ಅದರ ದುಡ್ಡು ಕೈಗೆ ಬರೋ ಹೊತ್ತಿಗೆ ಇನ್ನೊಂದು ವರ್ಷ ಕಳ್ದಿರುತ್ತೆ. ಆದ್ರೆ ಇರೋಕೆ ಮನೆ ಹುಡುಕೋಕೆ ಮುಂಚೆ ಒಂದು ಶೆಡ್ ಹುಡುಕು. ಖಾಲಿ ಬಿದ್ದಿರೋ ಗ್ಯಾರೇಜು, ಹಳೇ ಗೋಡೌನು, ಯಾರದೋ ಹಿತ್ತಲಲ್ಲಿ ಶೀಟ್ ಹಾಕಿರೋ ಜಾಗ, ಏನಾದ್ರೂ ಸರಿ. ನಲ್ಲಿ ಇರ್ಬೇಕು, ನೆಲ ಗಟ್ಟಿ ಇರ್ಬೇಕು, ಬೀಗ ಹಾಕೋ ಹಾಗಿರ್ಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ನಾನು ಮೊದಲ 11 ವರ್ಷ ಇದ್ದಿದ್ದು ಮಹಡಿ ಮನೇಲಿ. ಪೇಂಟಿಂಗ್ ಮಾಡೋರು ಅರ್ಧ ಆದ ಕ್ಯಾನ್ವಾಸನ್ನ ಮಂಚದ ಹಿಂದೆ ತಳ್ಳಿ ಮಲ್ಕೋಬಹುದು, ನಮಗೆ ಹಾಗಾಗಲ್ವಲ್ಲ. ಹಸಿ ಮಣ್ಣಿನ ತಲೆಗೆ ಒದ್ದೆ ಬಟ್ಟೆ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿ ಗಾಳಿ ಆಡದ ಹಾಗೆ ಬಿಟ್ಟು ಹೋದ್ರೆ ಮಾರನೇ ದಿನ ಬಂದಾಗ ಅದು ಅಲ್ಲೇ ಹಾಗೇ ಇರ್ಬೇಕು, ನಮ್ಮನೇಲಿ ಯಾರಾದ್ರೂ ಬಂದ್ರೆ ಟೇಬಲ್ ಖಾಲಿ ಮಾಡ್ಬೇಕು, ನೀರು ಕೆಳಗೆ ಇಳೀತು ಅಂತ ಓನರ್ ಮೆಟ್ಲು ಹತ್ಕೊಂಡು ಬರೋರು. ಹಂಗಾಗಿ ಭಾನುವಾರ ಬೆಳಿಗ್ಗೆ ಶುರು ಮಾಡೋದು, ರಾತ್ರಿ ಎಲ್ಲಾ ಕಿತ್ತು ಬಕೆಟ್ಟಿಗೆ ಹಾಕೋದು. 11 ವರ್ಷ ಒಂದೇ ಭಾನುವಾರದಲ್ಲಿ ಮುಗಿಯೋ ಶಿಲ್ಪ ಮಾತ್ರ ಮಾಡಿದೆ ಪುಟ್ಟೀ. ಕೇಳಿದೋರಿಗೆಲ್ಲ ಸ್ಕೂಲು ನನ್ನನ್ನ ತಿಂದಾಕ್ತು ಅಂತ ಹೇಳ್ಕೊಂಡು ತಿರುಗಿದೆ. ಸ್ಕೂಲೇನೂ ತಿಂದಿರ್ಲಿಲ್ಲ, ನಾಲ್ಕೂವರೆಗೆ ಬೆಲ್ ಹೊಡೀತಿತ್ತು. ಶೆಡ್ ಸಿಕ್ಕಿದ ಮೇಲೆ ದಿನಕ್ಕೆ ಬರೀ ಮುಕ್ಕಾಲು ಗಂಟೆ, ಕೆಲವು ಸಲ ಸುಮ್ನೆ ಬಟ್ಟೆ ತೆಗೆದು ನೋಡಿ ನೀರು ಚಿಮುಕಿಸಿ ಬರೋದು, ಅಷ್ಟರಲ್ಲೇ ಒಂದು ವರ್ಷಕ್ಕೆ ಆಳೆತ್ತರದ ಹೆಂಗಸು ನಿಂತ್ಲು.

ಫ್ರಾನ್ಸಿನ ಶಿಲ್ಪಿ ರೋಡಿನ್ ಕಥೆ ಕ್ಲಾಸಲ್ಲಿ ಹೇಳಿರ್ತಾರೆ ನಿಂಗೆ. ಪ್ಯಾರಿಸ್ಸಿನ ದೊಡ್ಡ ಕಲಾಶಾಲೆ ಅವನನ್ನ ಮೂರು ಸಲ ಬೇಡ ಅಂತು. 1864ರ ಸುಮಾರಿಗೆ ಬಿಸಿ ಮಾಡೋಕೂ ದುಡ್ಡಿಲ್ಲದ ಒಂದು ಲಾಯದಂಥ ಸ್ಟುಡಿಯೋದಲ್ಲಿ ಮೂಗು ಮುರಿದ ಮುದುಕನ ತಲೆ ಮಾಡ್ತಿದ್ದ, ಚಳಿಗೆ ಮಣ್ಣು ಹೆಪ್ಪುಗಟ್ಟಿ ಹಿಂದಲೆ ಒಡೆದು ಬಿದ್ದೋಯ್ತು, ಉಳಿದ ಮುಖಾನೇ ಮುಖವಾಡದ ಥರ ಇಟ್ಟ. ಅದನ್ನೂ ಸಲೋನ್ ಅನ್ನೋ ಅಲ್ಲಿನ ದೊಡ್ಡ ಕಲಾಪ್ರದರ್ಶನದೋರು ವಾಪಸ್ ಕಳಿಸಿದ್ರು. ಎಲ್ರೂ ಇದನ್ನ ಛಲದ ಕಥೆ ಅಂತ ಹೇಳ್ತಾರೆ. ನಂಗೆ ಮಾತ್ರ ಅದು ಕೆಟ್ಟ ರೂಮಿನ ಕಥೆ ಥರಾನೇ ಕೇಳ್ಸುತ್ತೆ.

ನೀನು ವಾದ ಮಾಡ್ತೀಯ ಗೊತ್ತು, ರಾಮ್‌ಕಿಂಕರ್ ಬೈಜ್‌ಗೆ ಯಾವ ಶೆಡ್ಡಿತ್ತು ಅಂತ. ನಿಜ. ಶಾಂತಿನಿಕೇತನದ ಕಲಾಭವನದಲ್ಲಿ ಪಾಠ ಮಾಡ್ಕೊಂಡಿದ್ದ ಮೇಷ್ಟ್ರು ಅವರು, 1938ರಲ್ಲಿ 'ಸಂಥಾಲ್ ಕುಟುಂಬ' ಅನ್ನೋ ಶಿಲ್ಪ ಮಾಡಿದ್ದು ಬಯಲಲ್ಲೇ, ಸಿಮೆಂಟಿಗೆ ಕೆಂಪು ಜಂಬಿಟ್ಟಿಗೆಯ ಹರಳು ಕಲಸಿ ಕಬ್ಬಿಣದ ಹಂದರದ ಮೇಲೆ ಹಾಕಿ. ಕಂಚು ಕೊಡಿಸೋರು ಯಾರೂ ಇಲ್ಲ ಅಂತ ಸುಮ್ನೆ ಕೂರಲಿಲ್ಲ. ಗಂಡ ಹೆಂಡ್ತಿ ಮಗು ನಾಯಿ ಸಾಮಾನು ಸಮೇತ ಇವತ್ತಿಗೂ ಅಲ್ಲೇ ನಡೀತಾ ಇದಾರೆ. ಆದ್ರೆ ಅವರಿಗೆ ಇಡೀ ಕ್ಯಾಂಪಸ್ಸೇ ಶೆಡ್ ಆಗಿತ್ತು, ಅರ್ಧ ಮಾಡಿದ್ದನ್ನ ಯಾರೂ ಎತ್ತಿಡು ಅನ್ನಲಿಲ್ಲ. ನಿನ್ನ ಹೆಡ್ ಮೇಷ್ಟ್ರು ಹಾಗೆ ಬಿಟ್ರೆ ಶೆಡ್ ಬೇಡ, ಬಾಡಿಗೆ ಉಳೀತು.

ಕ್ಲಾಸಿನ ವಿಷಯ. ಮಕ್ಕಳ ಕೆಲಸಕ್ಕೆ ನಿನ್ನ ಕೈ ಹಾಕ್ಬೇಡ, ಬೆರಳ ತುದಿ ತುರಿಸ್ತಾ ಇದ್ರೂ ಜೇಬಲ್ಲಿ ಇಟ್ಕೋ. ಮೊದಲ ವರ್ಷ ಒಬ್ಬ ಹುಡುಗ ಕಾಲೇ ಇಲ್ಲದ ನಾಯಿ ಮಾಡಿದ್ದ, ನಾನು ದೊಡ್ಡ ಮನುಷ್ಯನ ಥರ ಹೋಗಿ ಎರಡೇ ನಿಮಿಷದಲ್ಲಿ ನಾಲ್ಕು ಕಾಲು ಕೂರಿಸಿ ಚಂದ ಮಾಡಿ ಕೊಟ್ಟೆ. "ಅದು ಮಲ್ಕೊಂಡಿತ್ತು ಸರ್" ಅಂದ. ಆ ನಾಯಿನ ಮನೆಗೆ ತಗೊಂಡು ಹೋಗ್ಲೇ ಇಲ್ಲ, ಬಹಳ ದಿನ ಕಪಾಟಿನ ಮೇಲೆ ನಿಂತಿತ್ತು. ಪಾಪ ಅದಕ್ಕೂ ಕಾಲು ನೋವು.

ಮಕ್ಕಳು ಮಾಡಿದ್ದನ್ನ ಸುಡೋದಿದ್ರೆ ಗಟ್ಟಿ ಉಂಡೆ ಸುಡಬೇಡ, ಒಳಗೆ ಟೊಳ್ಳು ಮಾಡಿಸು, ದಪ್ಪ ಹೆಬ್ಬೆರಳಿಗಿಂತ ಕಮ್ಮಿ ಇರ್ಲಿ, ಪೂರ್ತಿ ಒಣಗ್ಲಿ. ಒಳಗಿನ ನೀರು 100 ಡಿಗ್ರಿ ದಾಟಿ ಹಬೆ ಆದಾಗ ಹೋಗೋಕೆ ದಾರಿ ಇಲ್ದೆ ಪಟಾರ್ ಅಂತ ಸಿಡಿಯುತ್ತೆ, ಒಂದು ಆನೆ ಸಿಡಿದ್ರೆ ಪಕ್ಕದ ಐದು ಮಕ್ಕಳ ಕೆಲಸಾನೂ ಹೋಯ್ತು, ಐದು ಮುಖಕ್ಕೆ ಉತ್ತರ ಹೇಳ್ಬೇಕು ನೀನು.

ಅಚ್ಚು ಹಾಕೋ ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಷ್ಯದಲ್ಲಿ ಮಾತ್ರ ತಮಾಷೆ ಇಲ್ಲ. ಗಟ್ಟಿಯಾಗ್ತಾ ಅದು ಬಿಸಿಯಾಗುತ್ತೆ, ದಪ್ಪಗೆ ಇದ್ರೆ 60 ಡಿಗ್ರಿವರೆಗೂ ಹೋಗುತ್ತೆ. 2007ರಲ್ಲಿ ಇಂಗ್ಲೆಂಡಿನ ಒಂದು ಸ್ಕೂಲಲ್ಲಿ ಆರ್ಟ್ ಕ್ಲಾಸಿನ ಹುಡುಗಿಯೊಬ್ಳು ಕೈ ಅಚ್ಚು ತೆಗೆಯೋಕೆ ಅಂತ ಪ್ಲಾಸ್ಟರ್ ಬಕೆಟ್ಟಲ್ಲಿ ಕೈ ಅದ್ದಿದ್ಲು, ಗಟ್ಟಿಯಾಗಿ ತೆಗೆಯೋಕೆ ಆಗ್ಲಿಲ್ಲ, ಸುಟ್ಟು ಬಹುಪಾಲು ಬೆರಳುಗಳನ್ನೇ ಕಳ್ಕೊಂಡ್ಲು. ಕೈ ಅಚ್ಚು ಮಾಡ್ಸು ಮಿಸ್ ಅಂತ ಮಕ್ಕಳು ಖಂಡಿತ ಕೇಳ್ತಾರೆ. ಮಣ್ಣಲ್ಲಿ ಒತ್ತಿಸು, ಕೈ ತೆಗೆಸಿದ ಮೇಲೆ ಆ ಗುಂಡಿಗೆ ಪ್ಲಾಸ್ಟರ್ ಸುರಿ.

ನೀನು ಕಲ್ಲು ಕೆತ್ತೋದಾದ್ರೆ ನೀರು ಹಾಕ್ಕೊಂಡು ಕೆತ್ತು, ಗ್ರೈಂಡರ್ ಹಿಡಿದಾಗ ಸರಿಯಾದ ಮಾಸ್ಕ್ ಹಾಕು, ಕರ್ಚೀಫ್ ಕಟ್ಟಿದ್ರೆ ಅದು ಮಾಸ್ಕ್ ಅಲ್ಲ. ಗ್ರಾನೈಟ್ ಧೂಳಲ್ಲಿರೋ ಸಿಲಿಕ ಶ್ವಾಸಕೋಶದಲ್ಲಿ ಕೂತ್ರೆ ಆಮೇಲೆ ವಾಸಿ ಮಾಡೋ ಔಷಧಿ ಇಲ್ಲ.

ಇನ್ನು ಬಸ್ಟ್ ಆರ್ಡರು. ಟೀಚರ್ ಅಂತ ಊರಿಗೆ ಗೊತ್ತಾದ ಮೇಲೆ ಹುಡುಕ್ಕೊಂಡು ಬರ್ತಾರೆ, ಕೈಗೆ ಕೊಡೋದು ಮಸುಕಾದ ಒಂದೇ ಒಂದು ಫೋಟೋ, ಅದೂ ನೇರ ಮುಖದ್ದು. ಮೂಗು ಎಷ್ಟು ಮುಂದೆ ಬಂದಿದೆ, ಹಿಂದಲೆ ಹೇಗಿದೆ, ಕಿವಿ ಎಲ್ಲಿ ಕೂತಿದೆ ಒಂದೂ ಗೊತ್ತಾಗಲ್ಲ. ಆಗ ಮಗನನ್ನೋ ತಮ್ಮನನ್ನೋ ಕರೆಸಿ ಪಕ್ಕಕ್ಕೆ ಕೂರಿಸ್ಕೊಂಡು ನೋಡು, ಅರ್ಧ ತಲೆ ಅಲ್ಲಿ ಸಿಗುತ್ತೆ. ಮಣ್ಣಿನ ಹಂತದಲ್ಲೇ ಎಲ್ಲರನ್ನೂ ಕರೆದು ತೋರಿಸಿ ಸರಿ ಇದೆ ಅಂತ ಸಹಿ ಹಾಕಿಸ್ಕೋ. ನಾನು ಒಂದು ಕಮಿಟಿಗೆ ಬಾಯಿ ಮಾತಲ್ಲಿ ಮಾಡಿ ಕೊಟ್ಟೆ, ಕಾಸ್ಟಿಂಗ್, ಅಂದ್ರೆ ಎರಕ, ಆದ ಮೇಲೆ ಅಧ್ಯಕ್ಷರು ಬದಲಾದ್ರು, ಹೊಸಬರಿಗೆ ಹೋಲಿಕೆ ಕಾಣ್ಲಿಲ್ಲ. ಆ ತಲೆ ಈಗ್ಲೂ ನನ್ನ ಶೆಡ್ಡಲ್ಲೇ ಇದೆ, ಟೋಪಿ ನೇತುಹಾಕ್ತೀನಿ. ಕತ್ತಿನ ಹಿಂದೆ ಸಣ್ಣಗೆ ನಿನ್ನ ಹೆಸರು ಕೊರಿ, ನಾಚ್ಕೋಬೇಡ, ಸೋಮನಾಥಪುರದಲ್ಲಿ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ 13ನೇ ಶತಮಾನದಲ್ಲೇ ವಿಗ್ರಹಗಳ ಕೆಳಗೆ ಹೆಸರು ಕೊರೆದಿದಾನೆ, ಅದಕ್ಕೇ ಇವತ್ತು ನಾವು ಅವನನ್ನ ಹೆಸರು ಹಿಡಿದು ಕರೀತೀವಿ.

ಹಾಂ, ಮರೆತಿದ್ದೆ. ಶೆಡ್ ನೋಡೋಕೆ ಹೋಗುವಾಗ ಟೇಪ್ ತಗೊಂಡು ಹೋಗು. ಮೇಲೆ ಹೇಳಿದೆನಲ್ಲ ಆಳೆತ್ತರದ ಹೆಂಗಸು, ಅವಳು ಎರಡೂ ಕೈ ಚಾಚಿ ನಿಂತಿದ್ಲು, ಬಾಗಿಲು ಎರಡೂವರೆ ಅಡಿ, ನಂಗೆ ಮುಗಿಯೋವರೆಗೂ ಹೊಳೀಲೇ ಇಲ್ಲ. ಚೌಕಟ್ಟು ಕಿತ್ತು ಅರ್ಧ ಗೋಡೆ ಒಡೆದು ಹೊರಗೆ ತಂದ್ವಿ, ಗೋಡೆ ಕಟ್ಟಿಸೋಕೆ ಎರಡು ತಿಂಗಳ ಸಂಬಳ ಹೋಯ್ತು, ನಿನ್ನತ್ತೆ ಇವತ್ತಿಗೂ ಅವಳನ್ನ ಸವತಿ ಅಂತಾನೇ ಕರೆಯೋದು. ಬಾಗಿಲು ಎಷ್ಟು ಅಗಲ ಇದೆ ಅಂತ ಅಳೆದು ನಂಗೆ ಬರಿ.

ನಿನ್ನ ಮಾವ